ಆರು ಜನ, ನಾಲ್ಕು ಕೆರೆ, ಏಳು ವಾರ: ನಮ್ಮ ಐಸ್ ಫಿಶಿಂಗ್ ಪುರಾಣ

ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ನಾವು ಮನೆಗೆ ತಂದದ್ದು ನಾಲ್ಕು ಮೀನು. ನಾಲ್ಕೂ ಗೇಣುದ್ದದ ಪರ್ಚ್. ಅದಕ್ಕೆ ಖರ್ಚಾಗಿದ್ದು ಏಳು ವಾರ, ಲೆಕ್ಕವಿಲ್ಲದಷ್ಟು ವಾಟ್ಸಾಪ್ ಮೆಸೇಜು, ಕೈಬಿಟ್ಟು ಹೋದ ಒಂದಿಷ್ಟು ಅಡ್ವಾನ್ಸು, ಜೊತೆಗೆ ಒಬ್ಬನ ಎರಡು ದಿನದ ಮುನಿಸು. ಐಸ್ ಮೇಲೆ ಮೀನು ಹಿಡಿಯೋದು ಅಂಥ ಕಷ್ಟದ ಕೆಲಸವೇನಲ್ಲ. ಯಾವ ಕೆರೆಗೆ ಹೋಗೋದು ಅಂತ ಆರು ಜನ ಒಪ್ಪಿಕೊಳ್ಳಬೇಕಲ್ಲ, ಅದು ಕಷ್ಟ. ಮುಂದಿನ ಚಳಿಗಾಲದಲ್ಲಿ ಹೊರಡುವವರಿಗೆ ಉಪಯೋಗಕ್ಕೆ ಬರಲಿ ಅಂತ ನೆನಪು ಹಸಿಯಾಗಿರುವಾಗಲೇ ಬರೆಯುತ್ತಿದ್ದೇನೆ.

ನಾನು ಅಮೆರಿಕದ ಮಿನ್ನೆಸೋಟ ರಾಜ್ಯಕ್ಕೆ ಬಂದು ಏಳು ವರ್ಷ. ಮಿನಿಯಾಪೊಲಿಸ್ ಪಕ್ಕದ ಪ್ಲಿಮತ್‌ನಲ್ಲಿ ಮನೆ. ಹುಟ್ಟೂರು ತೀರ್ಥಹಳ್ಳಿ ಕಡೆ. ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಏರಿ ಬರುವ ಹತ್ತುಮೀನನ್ನು ಕೂಣಿ (ಬಿದಿರಿನ ಬೋನು) ಇಟ್ಟು ಹಿಡಿಯೋದನ್ನ ನೋಡುತ್ತಾ ಬೆಳೆದವನು. ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದವನು. ಆದರೂ ಇಲ್ಲಿಯ ಜನ ಕೆರೆಯ ಮೇಲೆ ಕಾರು ನಿಲ್ಲಿಸಿ, ಐಸಿಗೆ ಬೈರಿಗೆಯಿಂದ ತೂತು ಕೊರೆದು, ಅದರೊಳಗೆ ಗಾಳ ಬಿಟ್ಟುಕೊಂಡು ಕೂರೋದನ್ನ ಮೊದಲ ಸಲ ನೋಡಿದಾಗ ಇವರಿಗೆ ಬೇರೆ ಕೆಲಸ ಇಲ್ವಾ ಅನ್ನಿಸಿತ್ತು. ಏಳನೇ ಚಳಿಗಾಲದ ಹೊತ್ತಿಗೆ ನನಗೂ ಬೇರೆ ಕೆಲಸ ಇರಲಿಲ್ಲ.

ಐಡಿಯಾ ಹುಟ್ಟಿದ್ದು ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ರಜೆಯಲ್ಲಿ, ಕುಂದಾಪುರದ ಗೆಳೆಯನ ಮನೆಯಲ್ಲಿ, ಊಟ ಆದಮೇಲೆ. ಅವನೊಬ್ಬನೇ ನಮ್ಮಲ್ಲಿ ಅನುಭವಸ್ಥ, ಮೂರು ವರ್ಷದಿಂದ ಆಫೀಸಿನವರ ಜೊತೆ ಹೋಗುತ್ತಿದ್ದಾನೆ. ಉಳಿದವರೆಂದರೆ ನಾನು, ಮಂಡ್ಯದ ಗೆಳೆಯ, ಅವನ ಒಂಬತ್ತು ವರ್ಷದ ಮಗ, ಹುಬ್ಬಳ್ಳಿಯ ಗೆಳೆಯ, ಮತ್ತೆ ನನ್ನ ಭಾಮೈದ. ಭಾಮೈದ ಬೆಂಗಳೂರಿನಿಂದ ಆಫೀಸ್ ಕೆಲಸಕ್ಕೆ ಅಂತ ಎರಡು ತಿಂಗಳಿಗೆ ಬಂದಿದ್ದ. ಹುಬ್ಬಳ್ಳಿಯವನು ಶುದ್ಧ ಸಸ್ಯಾಹಾರಿ. ಮೊದಲ ದಿನವೇ ಷರತ್ತು ಹಾಕಿದ: "ನಾ ಏನ್ ಮೀನಾ ಹಿಡ್ಯಾಂಗಿಲ್ಲ, ತಿನ್ನಾಂಗಿಲ್ಲ. ಬೆಚ್ಚಗ ಕುಂದ್ರಾಕ ಜಾಗಾ, ಚಾ ಕಾಸಾಕ ಒಂದು ಒಲಿ ಇದ್ರ ಬರ್ತೀನಿ."

ಆಗ ನಕ್ಕೆವು. ಆದರೆ ಕೊನೆಗೆ ಜಾಗ ತೀರ್ಮಾನ ಆಗಿದ್ದು ಮೀನಿನಿಂದಲ್ಲ, ಆ ಒಲೆಯಿಂದ.

ಕುಂದಾಪುರದವನ ಮನಸ್ಸಿನಲ್ಲಿ ಇದ್ದದ್ದು ಒಂದೇ ಹೆಸರು: ಲೇಕ್ ಆಫ್ ದ ವುಡ್ಸ್. ಕೆನಡಾ ಗಡಿಯ ಮೇಲಿರುವ ದೈತ್ಯ ಸರೋವರ. ಮಿನ್ನೆಸೋಟ, ಒಂಟಾರಿಯೊ, ಮ್ಯಾನಿಟೋಬಾ ಮೂರಕ್ಕೂ ಸೇರಿದ್ದು, ಒಳಗೆ ಸಾವಿರಾರು ದ್ವೀಪ. ದಡದ ಬೌಡೆಟ್ ಊರು ತನ್ನನ್ನು ತಾನೇ ಜಗತ್ತಿನ ವಾಲೈ ರಾಜಧಾನಿ ಅಂತ ಕರೆದುಕೊಳ್ಳುತ್ತದೆ. ವಾಲೈ ಮೀನು ಅಂದರೆ ಈ ರಾಜ್ಯದವರಿಗೆ ಪ್ರಾಣ. ನಮ್ಮ ಕರಾವಳಿಯವರಿಗೆ ಅಂಜಲ್ ಹೇಗೋ ಹಾಗೆ. ಬೇರೆ ಕೆರೆಗಳಲ್ಲಿ ವಾಲೈ ಹಿಡಿಯುವುದು ಫೆಬ್ರವರಿ ಕೊನೆಗೆ ಬಂದ್ ಆದರೆ ಅಲ್ಲಿ ಏಪ್ರಿಲ್ 14ರವರೆಗೂ ನಡೆಯುತ್ತದೆ.

ಅದರಲ್ಲೂ ಅವನಿಗೆ ಬೇಕಿದ್ದದ್ದು ನಾರ್ತ್‌ವೆಸ್ಟ್ ಆ್ಯಂಗಲ್. ಮ್ಯಾಪ್ ನೋಡಿದರೆ ಮಿನ್ನೆಸೋಟದ ತಲೆ ಮೇಲೆ ಒಂದು ಜುಟ್ಟು ಕಾಣುತ್ತದಲ್ಲ, ಅದೇ. ಅದು ಅಮೆರಿಕದ ನೆಲವೇ. ಆದರೆ ರಸ್ತೆಯಲ್ಲಿ ಹೋಗಬೇಕೆಂದರೆ ಕೆನಡಾದೊಳಗೆ ಹೊಕ್ಕು ಮತ್ತೆ ಹೊರಬರಬೇಕು. ಇಲ್ಲಿ ಮೊದಲ ಗೋಡೆ ಎದುರಾಯಿತು. ನಮ್ಮಲ್ಲಿ ನಾಲ್ಕು ಜನರದ್ದು ಭಾರತದ ಪಾಸ್‌ಪೋರ್ಟು. ಕೆನಡಾಕ್ಕೆ ಕಾಲಿಡಲು ಅವರ ವೀಸಾ ಬೇಕು, ಹತ್ತೇ ನಿಮಿಷ ದಾಟಿ ಹೋಗುವುದಾದರೂ ಬೇಕು. ಹುಬ್ಬಳ್ಳಿಯವನ ಎಚ್-1ಬಿ, ಅಂದರೆ ಅಮೆರಿಕದ ಕೆಲಸದ ವೀಸಾದ, ಸ್ಟ್ಯಾಂಪು ಮುಗಿದು ಒಂದೂವರೆ ವರ್ಷವಾಗಿತ್ತು. ಕೆಲಸದ ಅನುಮತಿ ಇದೆ, ಪಾಸ್‌ಪೋರ್ಟಿನಲ್ಲಿ ಮುದ್ರೆ ಇಲ್ಲ. ಅಂಥವರು ಕೆನಡಾಕ್ಕೆ ಹೋಗಿ 30 ದಿನದೊಳಗೆ ವಾಪಸ್ ಬರಲು ಒಂದು ನಿಯಮವಿದೆ ನಿಜ. ಆದರೆ ಮೀನಿನ ಸಲುವಾಗಿ, ಅದೂ ತಾನು ತಿನ್ನದ ಮೀನಿನ ಸಲುವಾಗಿ, ಗಡಿ ಅಧಿಕಾರಿಯ ಮುಂದೆ ನಿಂತು ಆ ನಿಯಮ ವಿವರಿಸಲು ಅವನು ತಯಾರಿರಲಿಲ್ಲ. ನಾನಾಗಿದ್ದರೂ ಆಗುತ್ತಿರಲಿಲ್ಲ.

ಹಾಗಾದರೆ ಆ್ಯಂಗಲ್ ಬೇಡ, ಬೌಡೆಟ್ ಕಡೆಯೇ ಇರೋಣ ಅಂತಾಯಿತು. ಬೌಡೆಟ್‌ಗೆ ಗಡಿ ದಾಟಬೇಕಿಲ್ಲ. ಆದರೆ ಪ್ಲಿಮತ್‌ನಿಂದ ಐದು ಗಂಟೆಗೂ ಮೇಲಿನ ದಾರಿ. ಚಳಿಗಾಲದಲ್ಲಿ, ಹಿಮ ಬಿದ್ದರೆ, ಏಳೂ ಆಗಬಹುದು. ಎರಡು ದಿನದ ರಜೆಯಲ್ಲಿ ಒಂದು ದಿನ ಕಾರಿನೊಳಗೇ ಕಳೆದುಹೋಗುತ್ತದೆ. (ಗಡಿ ಹತ್ತಿರದ ಊರುಗಳಿಗೆ ಹೋಗುವವರು ಪಾಸ್‌ಪೋರ್ಟು, ಐ-94 (ದೇಶದೊಳಗೆ ಬಂದ ದಾಖಲೆ) ಪ್ರತಿ, ಗ್ರೀನ್ ಕಾರ್ಡು ಏನಿದೆಯೋ ಅದನ್ನು ಜೊತೆಗಿಟ್ಟುಕೊಳ್ಳಿ. ನಿಜ ಹೇಳಬೇಕೆಂದರೆ ಕಾನೂನಿನ ಪ್ರಕಾರ ಎಲ್ಲಿದ್ದರೂ ಇಟ್ಟುಕೊಂಡಿರಬೇಕು. ನಾವೆಲ್ಲ ಡ್ರೈವರ್ ಲೈಸೆನ್ಸ್ ಒಂದೇ ಹಿಡಿದು ಓಡಾಡುತ್ತೇವೆ, ಅಷ್ಟೆ.)

ಕುಂದಾಪುರದವನು ಎರಡು ದಿನ ಗ್ರೂಪಿನಲ್ಲಿ ಮಾತಾಡಲಿಲ್ಲ. ನಾನು ಹೇಳಿದ ಮುನಿಸು ಇದೇ. ಮೂರನೇ ದಿನ ಬಂದು ಒಂದೇ ಸಾಲು ಬರೆದ: "ಆಯ್ತ್ ಮಾರಾಯ್ರೆ, ಮೊದ್ಲ್ ಇಲ್ಲೇ ಹತ್ರ ಒಂದ್ ಸಲ ಕೂತ್ಕಂಡ್ ಕಾಣಿ. ಆಮೇಲೆ ಮಾತಾಡ್ವ."

ಅವನು ಕೊಟ್ಟ ಸಲಹೆಗಳಲ್ಲೆಲ್ಲ ಇದೇ ಅತ್ಯುತ್ತಮವಾದದ್ದು. ದೂರದ ಜಾಗಕ್ಕೆ ದುಡ್ಡು ಕಟ್ಟುವ ಮುಂಚೆ ಮನೆ ಹತ್ತಿರದ ಕೆರೆಯಲ್ಲಿ ಅರ್ಧ ದಿನ ಕೂತು ನೋಡಿ. ನಾವು ಹೋಗಿದ್ದು ಪ್ಲಿಮತ್‌ನ ಮೆಡಿಸಿನ್ ಲೇಕಿಗೆ, ಡಿಸೆಂಬರ್ ನಡುವಿನ ಒಂದು ಶನಿವಾರ. ಇಲ್ಲಿಯ ನೈಸರ್ಗಿಕ ಸಂಪನ್ಮೂಲ ಇಲಾಖೆ, ಎಲ್ಲರೂ ಡಿಎನ್‌ಆರ್ ಅನ್ನುತ್ತಾರೆ, ಒಂದು ಅಳತೆ ಕೊಟ್ಟಿದೆ. ನಡೆಯಲು ಕನಿಷ್ಠ 4 ಇಂಚು ಐಸ್ ಬೇಕು, ಚಿಕ್ಕ ಕಾರಿಗೆ 9ರಿಂದ 10, ಮಧ್ಯಮ ಗಾತ್ರದ ಎಸ್‌ಯುವಿಗೆ 11ರಿಂದ 12. ಇದು ಹೊಸದಾಗಿ ಕಟ್ಟಿದ, ಗಾಜಿನ ಹಾಗಿರುವ ಐಸಿನ ಲೆಕ್ಕ. ಹಿಮ ಕರಗಿ ಮತ್ತೆ ಹೆಪ್ಪುಗಟ್ಟಿದ ಬಿಳಿ ಐಸಾದರೆ ಶಕ್ತಿ ಅರ್ಧ, ಹಾಗಾಗಿ ದಪ್ಪ ದುಪ್ಪಟ್ಟು ಬೇಕು. ಮತ್ತೊಂದು ಮಾತು: ಯಾವ ಕೆರೆಯ ಐಸ್ ಸುರಕ್ಷಿತ ಅಂತ ಇಲಾಖೆ ಅಳೆದು ಹೇಳುವುದಿಲ್ಲ. ಅಳೆಯಬೇಕಾದವರು ನಾವೇ. ದಡದ ಹತ್ತಿರ ಆರು ಇಂಚು ಇರುವ ಐಸ್ ನೂರು ಹೆಜ್ಜೆ ಆಚೆ ಮೂರು ಇಂಚು ಇರಬಹುದು.

ಕುಂದಾಪುರದವನು ಮುಂದೆ, ಕೈಯಲ್ಲಿ ಉದ್ದನೆ ಕಬ್ಬಿಣದ ಹಾರೆ. ನಾಲ್ಕು ಹೆಜ್ಜೆಗೊಮ್ಮೆ ಐಸಿಗೆ ಕುಟ್ಟುತ್ತಾನೆ. ಒಂದೇ ಏಟಿಗೆ ನೀರು ಚಿಮ್ಮಿದರೆ ಬಂದ ದಾರಿಯಲ್ಲೇ ವಾಪಸ್. ಅವನ ಕೊರಳಲ್ಲಿ ದಾರಕ್ಕೆ ಕಟ್ಟಿದ ಎರಡು ಚೂಪು ಮೊಳೆಯಂಥ ಹಿಡಿಗಳು. ನೀರಿಗೆ ಬಿದ್ದರೆ ಐಸಿನ ಅಂಚಿಗೆ ಚುಚ್ಚಿ ಮೇಲೆ ಬರಲು. ಅದನ್ನು ನೋಡಿಯೇ ಮಂಡ್ಯದವನ ಮುಖ ಇಳಿದಿತ್ತು. ಐವತ್ತು ಹೆಜ್ಜೆ ಹೋಗಿರಬೇಕು, ಕಾಲ ಕೆಳಗೆ ಎಲ್ಲೋ ದೂರದಿಂದ "ಗುಂಯ್ಯ್" ಅಂತ ಒಂದು ಸದ್ದು ಹೊರಟು, ಕೆರೆ ಪೂರ್ತಿ ಹರಿದು, ಆಚೆ ದಡದಲ್ಲಿ ನಿಂತಿತು. ತಂತಿ ಮೀಟಿದ ಹಾಗೆ. ಮಂಡ್ಯದವನು ಮಗನನ್ನು ಎತ್ತಿಕೊಂಡು ದಡಕ್ಕೆ ಓಡಿದ. "ಅಲ್ಲ ಕಣ್ರೋ, ಮಗೀನ್ ಕರ್ಕೊಂಡ್ ಇದರ್ ಮ್ಯಾಲೆ ರಾತ್ರಿ ಮನಿಕಳದಾ?" ಅಂತ ಅಲ್ಲಿಂದಲೇ ಕೂಗಿದ. ಐಸ್ ಹಿಗ್ಗುವಾಗ, ಕುಗ್ಗುವಾಗ ಹಾಗೆ ಸದ್ದು ಬರುತ್ತದೆ, ಸದ್ದು ಬಂದರೆ ಒಡೆಯಿತು ಅಂತಲ್ಲ ಅಂತ ಅವನನ್ನು ಒಪ್ಪಿಸಲು ಹತ್ತು ನಿಮಿಷ ಹಿಡಿಯಿತು. ಮಗ ಮಾತ್ರ "ಇನ್ನೊಂದ್ ಸಲ ಬರುತ್ತಾ?" ಅಂತ ಕಾಯುತ್ತಿದ್ದ.

ಕೈ ಬೈರಿಗೆಯಲ್ಲಿ ತೂತು ಕೊರೆದೆವು. ಐದೂವರೆ ಇಂಚು ಐಸ್. ತೂತಿನಲ್ಲಿ ಐಸಿನ ಚೂರು ತೇಲುತ್ತಿರುತ್ತದೆ. ಅದನ್ನು ತೆಗೆಯಲು ಉದ್ದ ಹಿಡಿಯ ಒಂದು ಸೌಟು ಇರುತ್ತದೆ, ಥೇಟ್ ಬೋಂಡ ಎತ್ತುವ ಜಾಲರಿ ಸೌಟು. ಎರಡು ನಿಮಿಷಕ್ಕೊಮ್ಮೆ ಎತ್ತದಿದ್ದರೆ ತೂತು ಮುಚ್ಚಿಕೊಳ್ಳುತ್ತದೆ. ಹುಬ್ಬಳ್ಳಿಯವನು ಆ ಕೆಲಸ ತಾನೇ ವಹಿಸಿಕೊಂಡ.

ಆ ದಿನ ಒಂದೂ ಮೀನು ಬೀಳಲಿಲ್ಲ. ಆದರೆ ತಿಳಿದುಕೊಂಡದ್ದು ಬಹಳ. ಮಗು ಬಯಲಿನಲ್ಲಿ ತಡೆದದ್ದು 40 ನಿಮಿಷ. ಬೆಂಗಳೂರಿನ ಜಾಕೆಟ್ಟು, ಜೀನ್ಸು ಹಾಕಿಕೊಂಡು ಬಂದಿದ್ದ ಭಾಮೈದ ತಡೆದದ್ದು 25. ಹತ್ತಿ ಸಾಕ್ಸ್ ಬೆವರು ಹೀರಿಕೊಂಡು ಐಸಿನ ಹಾಗಾಗುತ್ತದೆ, ಉಣ್ಣೆಯದೇ ಬೇಕು. ಟಾಯ್ಲೆಟ್ಟು ಎಲ್ಲಿ ಅನ್ನೋ ಪ್ರಶ್ನೆ ಎರಡನೇ ಗಂಟೆಗೇ ಎದ್ದಿತು. ಅಲ್ಲಿಗೆ ಟೆಂಟ್ ಹಾಕಿಕೊಂಡು ಕೂರುವ ಕುಂದಾಪುರದ ಯೋಜನೆ ಮುಗಿಯಿತು. ನಮಗೆ ಬೇಕಾದದ್ದು ಐಸ್ ಮೇಲೆ ಇಟ್ಟ, ಬೆಚ್ಚಗಿನ, ಮಲಗಲು ಹಲಗೆ ಇರುವ ಮನೆ. ಇಲ್ಲಿ ಅದಕ್ಕೆ ಸ್ಲೀಪರ್ ಹೌಸ್ ಅನ್ನುತ್ತಾರೆ. ಕೆರೆ ದಡದ ರೆಸಾರ್ಟಿನವರು ಬಾಡಿಗೆಗೆ ಕೊಡುತ್ತಾರೆ. ಹುಬ್ಬಳ್ಳಿಯವನ ಒಲೆಯೂ ಅದರಲ್ಲೇ ಸಿಗುತ್ತದೆ.

ಅದು ಗೊತ್ತಾದ ಮೇಲೆ ಪ್ರಶ್ನೆಯೇ ಬದಲಾಯಿತು. ಮೀನು ಎಲ್ಲಿ ಜಾಸ್ತಿ ಅಂತಲ್ಲ. ಆರು ಜನಕ್ಕೆ ಮನೆ ಎಲ್ಲಿ ಖಾಲಿ ಇದೆ?

ಎಲ್ಲೂ ಇರಲಿಲ್ಲ. ಈ ಮನೆಗಳನ್ನು ಇಲ್ಲಿಯವರು ಬೇಸಿಗೆಯಲ್ಲೇ ಬುಕ್ ಮಾಡಿಟ್ಟಿರುತ್ತಾರೆ. ಡಿಸೆಂಬರಿನಲ್ಲಿ ಫೋನ್ ಮಾಡಿದರೆ ಆ ಕಡೆಯವರು ನಗುತ್ತಾರೆ, ಆದರೆ ಪ್ರೀತಿಯಿಂದ ನಗುತ್ತಾರೆ. ಬ್ರೈನರ್ಡ್ ಕಡೆ ಗಲ್ ಲೇಕ್ ವಿಚಾರಿಸಿದೆ. ಅಲ್ಲಿ ಜನವರಿ ಕೊನೆಗೆ ದೊಡ್ಡ ಐಸ್ ಫಿಶಿಂಗ್ ಸ್ಪರ್ಧೆ ನಡೆಯುತ್ತದೆ, ಸಾವಿರಾರು ಜನ ಒಂದೇ ಕೊಲ್ಲಿಯಲ್ಲಿ ತೂತು ಕೊರೆದುಕೊಂಡು ಕೂರುತ್ತಾರೆ. ಆ ಸಮಯಕ್ಕೆ ಮನೆ ಬಿಡಿ, ಹೋಟೆಲ್ ರೂಮೂ ಸಿಗಲ್ಲ. ಒಂಬತ್ತು ಫೋನ್ ಮಾಡಿದ ಮೇಲೆ ಅಪ್ಪರ್ ರೆಡ್ ಲೇಕಿನಲ್ಲಿ ಒಂದು ಸಿಕ್ಕಿತು, ಯಾರೋ ಕ್ಯಾನ್ಸಲ್ ಮಾಡಿದ್ದು. ಜನವರಿ ಎರಡನೇ ವಾರಾಂತ್ಯ, ಎರಡು ರಾತ್ರಿ. ಅಡ್ವಾನ್ಸ್ 200 ಡಾಲರ್ ಕಾರ್ಡಿನಲ್ಲಿ ಕಟ್ಟಿದೆ.

ಅಪ್ಪರ್ ರೆಡ್ ಬಗ್ಗೆ ಎರಡು ಮಾತು ಹೇಳಲೇಬೇಕು. ಉತ್ತರದಲ್ಲಿದೆ, ಆಳ ಕಡಿಮೆ, ಹಾಗಾಗಿ ಬೇಗ ಹೆಪ್ಪುಗಟ್ಟುತ್ತದೆ. ಒಂದು ಕಾಲಕ್ಕೆ ವಾಲೈ ಹಿಡಿದೂ ಹಿಡಿದೂ ಸಂತತಿಯೇ ಕುಸಿದು, 1999ರಲ್ಲಿ ಹಿಡಿಯುವುದನ್ನೇ ನಿಲ್ಲಿಸಿ, 2006ರಲ್ಲಿ ಮತ್ತೆ ಬಿಟ್ಟರು. ಈಗ ಮೀನು ಚೆನ್ನಾಗಿದೆ. ಕೆರೆಯ ಎಲ್ಲ ಭಾಗವೂ ಎಲ್ಲರದ್ದಲ್ಲ. ಪಶ್ಚಿಮದ ಭಾಗ ಮತ್ತು ಪಕ್ಕದ ಇಡೀ ಲೋವರ್ ರೆಡ್ ಲೇಕ್ ರೆಡ್ ಲೇಕ್ ನೇಷನ್ನಿನ ಆದಿವಾಸಿಗಳಿಗೆ ಸೇರಿದ್ದು, ಅವರ ಅನುಮತಿಯಿಲ್ಲದೆ ಹೊರಗಿನವರು ಅಲ್ಲಿ ಗಾಳ ಹಾಕುವಂತಿಲ್ಲ. ಐಸ್ ಮೇಲೆ ಬೇಲಿ ಇರಲ್ಲ, ಜಿಪಿಎಸ್ ನೋಡಿಕೊಳ್ಳಬೇಕು.

ಮಂಡ್ಯದವನು ಇದನ್ನೆಲ್ಲ ಓದಲಿಲ್ಲ. ಅವನು ಓದಿದ್ದು 2023ರ ಡಿಸೆಂಬರ್ ಕೊನೆಯ ಸುದ್ದಿ. ಗಾಳಿಗೆ ಐಸಿನ ದೊಡ್ಡ ಹಾಸು ದಡದಿಂದ ಬಿಟ್ಟುಕೊಂಡು, ಇದೇ ಅಪ್ಪರ್ ರೆಡ್ ಲೇಕಿನಲ್ಲಿ ನೂರಕ್ಕೂ ಹೆಚ್ಚು ಜನ ಆಚೆ ಸಿಕ್ಕಿಹಾಕಿಕೊಂಡಿದ್ದರು. ಎಲ್ಲರನ್ನೂ ದಡಕ್ಕೆ ತಂದರು. ಆದರೂ ರಾತ್ರಿ 11ಕ್ಕೆ ಆ ಲಿಂಕು ಗ್ರೂಪಿಗೆ ಬಂತು. ಜೊತೆಗೆ ಅವನ ಹೆಂಡತಿಯ ಧ್ವನಿ ಸಂದೇಶ, ನನಗೇ ಅಂತ: "ಅಣ್ಣಾ, ನೀವ್ ಇರ್ತೀರ ಅಂತ ಮಗೂನ ಕಳಿಸ್ತಿರೋದು. ನೋಡ್ಕೊಳಿ."

ನಾನು ನೋಡಿಕೊಳ್ಳಬೇಕಾಗಲಿಲ್ಲ, ಹವಾಮಾನ ನೋಡಿಕೊಂಡಿತು. ಜನವರಿ ಮೊದಲ ವಾರ ಸೆಕೆ. ಇಲ್ಲಿಯ ಲೆಕ್ಕದ ಸೆಕೆ, ಸೊನ್ನೆಗಿಂತ ಎರಡು ಡಿಗ್ರಿ ಮೇಲೆ. ಆಮೇಲೆ ದೊಡ್ಡ ಗಾಳಿ. ಹೊರಡಲು ನಾಲ್ಕು ದಿನ ಇರುವಾಗ ಫೋನ್ ಬಂತು. ಬಿರುಕು ಬಿಟ್ಟಿದೆ, ಈ ವಾರ ಯಾರನ್ನೂ ಬಿಡುತ್ತಿಲ್ಲ. ಸರಿಯಾದ ನಿರ್ಧಾರವೇ. ಆದರೆ ಅಡ್ವಾನ್ಸು? ವಾಪಸ್ ಇಲ್ಲ, ಮುಂದಿನ ಬುಕಿಂಗಿಗೆ ಹಿಡಿದುಕೊಳ್ಳುತ್ತೇವೆ ಅಂದರು. ನಾನು ಬುಕ್ ಮಾಡುವಾಗ ಬಂದ ಈಮೇಲಿನಲ್ಲಿ "ಐಸ್ ಇಲ್ಲದಿದ್ದರೆ ಹಣ ವಾಪಸ್" ಅಂತಿತ್ತು. ಐಸ್ ಇದೆಯಲ್ಲ, ದಾರಿ ಇಲ್ಲ ಅಷ್ಟೆ ಅನ್ನುವುದು ಅವರ ವಾದ. ನಾಲ್ಕು ಈಮೇಲು, ಎರಡು ಫೋನು ಆದಮೇಲೆ ಅರ್ಧ ಬಂತು. 100 ಡಾಲರ್ ಹೋಯಿತು. ಬುಕ್ ಮಾಡುವಾಗಲೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ: ಐಸ್ ಸರಿಯಿಲ್ಲ ಅಂತ ಯಾರು ತೀರ್ಮಾನ ಮಾಡುತ್ತಾರೆ, ದಾರಿ ಮುಚ್ಚಿದರೂ ಹಣ ಕೊಡುತ್ತೀರಾ, ದಡದಿಂದ ಮನೆಯವರೆಗೆ ಕರೆದುಕೊಂಡು ಹೋಗುವುದು ಬಾಡಿಗೆಯಲ್ಲಿ ಸೇರಿದೆಯಾ, ತೂತು ಯಾರು ಕೊರೆಯುತ್ತಾರೆ, ಹಾಸಿಗೆ ಹೊದಿಕೆ ನಮ್ಮದಾ, ಟಾಯ್ಲೆಟ್ ಇದೆಯಾ, ರಾತ್ರಿ ಎರಡಕ್ಕೆ ಹೀಟರ್ ನಿಂತರೆ ಯಾರಿಗೆ ಫೋನ್ ಮಾಡೋದು. ನಾನು ಕೊನೆಯ ಐದನ್ನು ಕೇಳಿದ್ದೆ. ಮೊದಲ ಎರಡನ್ನು ಕೇಳಿರಲಿಲ್ಲ.

ಇನ್ನೇನು ಬಿಟ್ಟುಬಿಡೋಣ ಅಂದುಕೊಂಡಾಗ ಹುಬ್ಬಳ್ಳಿಯವನು, ಮೀನೇ ತಿನ್ನದವನು, ತಾನಾಗಿ ಕೂತು ಮಿಲ್ ಲ್ಯಾಕ್ಸ್ ಸರೋವರದ ಸುತ್ತಲಿನ ರೆಸಾರ್ಟುಗಳಿಗೆಲ್ಲ ಫೋನ್ ಮಾಡಿದ. ಮಾರ್ಟಿನ್ ಲೂಥರ್ ಕಿಂಗ್ ರಜೆಯ ವಾರಾಂತ್ಯದಲ್ಲಿ ಭಾನುವಾರದ ಒಂದು ರಾತ್ರಿ ಮಾತ್ರ ಖಾಲಿ. ಸೋಮವಾರ ರಜೆ. ಆರು ಜನಕ್ಕೆ ಸಾಲುವ ಮನೆ, 420 ಡಾಲರ್.

ಮಿಲ್ ಲ್ಯಾಕ್ಸ್ ನಮ್ಮ ಪಟ್ಟಿಯಲ್ಲಿ ಕೊನೆಯಲ್ಲಿತ್ತು. ಹತ್ತಿರ, ಎರಡು ಗಂಟೆಯೊಳಗಿನ ದಾರಿ. ದೊಡ್ಡದು, 1,32,000 ಎಕರೆ. ನಮ್ಮ ಲಿಂಗನಮಕ್ಕಿ ಹಿನ್ನೀರಿಗಿಂತ ದೊಡ್ಡದು. ಮೀನೂ ಇದೆ. ಆದರೆ ಆಗ ಮನೆಗೆ ತರುವ ಹಾಗಿರಲಿಲ್ಲ, ಅಥವಾ ತರಲು ಭಾರಿ ಅದೃಷ್ಟ ಬೇಕಿತ್ತು. ವಾಲೈ ಕಡಿಮೆಯಾದದ್ದರಿಂದ ಅಲ್ಲಿ ನಿಯಮ ಬಿಗಿಯಾಗಿತ್ತು. ಕೆಲವು ಚಳಿಗಾಲಗಳಲ್ಲಿ 21ರಿಂದ 23 ಇಂಚಿನ ನಡುವಿನದ್ದು ಮಾತ್ರ ಇಟ್ಟುಕೊಳ್ಳಬಹುದು ಅಂತಿತ್ತು, ಅಥವಾ 28 ಇಂಚಿಗಿಂತ ದೊಡ್ಡದು. ಹೋಗುವ ಮುಂಚೆ ಆ ಋತುವಿನ ನಿಯಮ ನೋಡಲೇಬೇಕು, ಬದಲಾಗುತ್ತಿರುತ್ತದೆ. ಎಷ್ಟು ಹಿಡಿಯಬಹುದು ಅನ್ನೋದನ್ನ ರಾಜ್ಯ ಸರ್ಕಾರ ಒಬ್ಬರೇ ತೀರ್ಮಾನಿಸುವುದೂ ಇಲ್ಲ. 1837ರ ಒಪ್ಪಂದದ ಪ್ರಕಾರ ಇಲ್ಲಿಯ ಒಜಿಬ್ವೆ ಆದಿವಾಸಿ ಜನರಿಗೆ ಮೀನಿನ ಹಕ್ಕಿದೆ, 1999ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹಾಗಾಗಿ ಪಾಲು ಇಬ್ಬರಿಗೂ.

"ತಿಂಬುಕೆ ಇಲ್ಲದ್ ಮೀನ್ ಹಿಡುಕೆ ಹೋಪುದ್ ಎಂತಕೆ?" ಅಂದ ಕುಂದಾಪುರದವನು. ಐದು ಜನ ಉತ್ತರ ಕೊಡಲಿಲ್ಲ. ಬುಕ್ ಆಯಿತು.

ಲೈಸೆನ್ಸಿನ ಕಥೆ ಬೇರೆ. 16 ವರ್ಷ ಆದವರಿಗೆಲ್ಲ ಬೇಕು. ಡಿಸೆಂಬರಿನ ಟ್ರಯಲ್ಲಿಗೆ ಅಂತ ನಾನು 25 ಡಾಲರ್ ಕೊಟ್ಟು ವರ್ಷದ್ದು ತಗೊಂಡಿದ್ದೆ. ವರ್ಷದ್ದು ಅಂದರೆ ಮಾರ್ಚ್‌ನಿಂದ ಫೆಬ್ರವರಿಯ ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ನನ್ನದು ಎರಡೂವರೆ ತಿಂಗಳಿಗೇ ಮುಗಿಯುತ್ತದೆ. ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನದವರೆಗೆ ಹೋಗುವವರಿಗೆ 24 ಗಂಟೆಯದ್ದೇ ಸಾಕು, 12 ಡಾಲರ್, ಮೇಲೆ ಚಿಲ್ಲರೆ ಶುಲ್ಕ. ಅದು ಈ ರಾಜ್ಯದಲ್ಲಿ 60 ದಿನ ವಾಸವಿದ್ದವರಿಗೆ. ಭಾಮೈದ ಬಂದು ಅಷ್ಟು ದಿನ ಆಗಿರಲಿಲ್ಲ, ಹೊರಗಿನವರ ದರ 14. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ತಗೊಂಡ. ಆ ವಾರಾಂತ್ಯ ಮಕ್ಕಳನ್ನು ಕರೆದುಕೊಂಡು ಹೋಗುವ ಇಲ್ಲಿಯ ನಿವಾಸಿಗಳಿಗೆ ಲೈಸೆನ್ಸೇ ಬೇಡ, 15 ವರ್ಷದ ಅಥವಾ ಅದಕ್ಕಿಂತ ಚಿಕ್ಕ ಮಗು ಜೊತೆಗಿರಬೇಕು. ಮಂಡ್ಯದವನಿಗೆ ಹೀಗೆ 12 ಡಾಲರ್ ಉಳಿಯಿತು. ಒಂದೇ ಮಗುವಿನ ಹೆಸರಿನಲ್ಲಿ ಐದು ಗಂಡಸರು ಬಿಟ್ಟಿ ಗಾಳ ಹಾಕುವುದು ಚೆನ್ನಾಗಿರಲ್ಲ ಅಂತ ಉಳಿದವರು ತಗೊಂಡೆವು. ಹುಬ್ಬಳ್ಳಿಯವನು ತಗೊಳ್ಳಲಿಲ್ಲ, ಅವನು ಕೋಲೇ ಮುಟ್ಟಲಿಲ್ಲ.

ಭಾನುವಾರ ಬೆಳಿಗ್ಗೆ ಮಂಡ್ಯದವನ ವ್ಯಾನಿನಲ್ಲಿ ಹೊರಟೆವು. ಎಲ್ಕ್ ರಿವರ್, ಪ್ರಿನ್ಸ್‌ಟನ್, ಮಿಲಾಕ ದಾಟಿ 169ನೇ ಹೆದ್ದಾರಿ. ಸೆಕೆಯ ವಾರ ಹೋಗಿ ಚಳಿ ಮರಳಿತ್ತು, ಮೈನಸ್ 22 ಸೆಲ್ಸಿಯಸ್. ದಾರಿಯಲ್ಲಿ ಎರೆ ಅಂಗಡಿ, ಬಕೆಟ್ಟಿನಲ್ಲಿ ಜೀವಂತ ಚಿಕ್ಕ ಮೀನು, 18 ಡಾಲರ್. ಗ್ಯಾರಿಸನ್ ಊರಿನಲ್ಲಿ ಕೆರೆ ದಡದ ದೈತ್ಯ ವಾಲೈ ಮೂರ್ತಿಯ ಮುಂದೆ ಫೋಟೊ. ಸಂಕ್ರಾಂತಿ ಅದೇ ವಾರ ಮುಗಿದಿತ್ತು, ನನ್ನ ಹೆಂಡತಿ ಕೊಟ್ಟ ಎಳ್ಳುಬೆಲ್ಲವನ್ನು ಅಲ್ಲೇ ಹಂಚಿದೆವು. ಕೊಬ್ಬರಿ ಚೂರು ಕಲ್ಲಾಗಿತ್ತು.

ರೆಸಾರ್ಟಿನವರು ಅಂದು ಬೆಳಿಗ್ಗೆ ಅಳೆದಿದ್ದರು, 15 ಇಂಚು. ವ್ಯಾನು ಹೋಗಬಹುದು ಅಂದರು. ಜೊತೆಗೆ ಮೂರು ಮಾತು: ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ನಿಧಾನ ಹೋಗಿ. ನಿಧಾನ ಯಾಕೆಂದರೆ ಗಾಡಿಯ ಭಾರಕ್ಕೆ ಐಸಿನ ಕೆಳಗೆ ನೀರಿನಲ್ಲಿ ಅಲೆ ಏಳುತ್ತದೆ, ಜೋರಾಗಿ ಹೋದರೆ ಆ ಅಲೆಯೇ ಐಸನ್ನು ಒಡೆಯಬಹುದು. ಕಿಟಕಿ ಯಾಕೆ ಅಂತ ಯಾರೂ ಕೇಳಲಿಲ್ಲ.

ಒಂದೂವರೆ ಮೈಲು ಒಳಗೆ ಒಂದು ಬಿರುಕು. ಉದ್ದಕ್ಕೆ, ಕಣ್ಣಿಗೆ ಕಾಣುವಷ್ಟು ದೂರ, ಐಸಿನ ಚಪ್ಪಡಿಗಳು ಒಂದರ ಮೇಲೊಂದು ಏರಿ ನಿಂತಿವೆ. ಅದರ ಮೇಲೆ ರೆಸಾರ್ಟಿನವರು ಇಟ್ಟ ಒಂದು ಪುಟ್ಟ ಸೇತುವೆ. ಮಂಡ್ಯದವನು ಸ್ಟೀರಿಂಗ್ ಹಿಡಿದು ಕಣ್ಣು ಮುಚ್ಚಿದ. ಸುಳ್ಳಲ್ಲ, ಪಕ್ಕದಲ್ಲಿ ಕೂತಿದ್ದ ನಾನೇ ನೋಡಿದೆ. ಟೈರು ಹಲಗೆ ಹತ್ತಿದಾಗ "ಠಪ್, ಠಪ್" ಅಂತ ಎರಡು ಸದ್ದು. ಬದಿಯಲ್ಲಿ ಒಂದು ಮೊಳ ಅಗಲದ ಕಪ್ಪು ನೀರು, ಹೊಗೆಯಾಡುತ್ತಿತ್ತು. ಯಾರೂ ಮಾತಾಡಲಿಲ್ಲ. ದಾಟಿದ ಮೇಲೆ ಹಿಂದಿನ ಸೀಟಿನಿಂದ ಭಾಮೈದ ಮೆಲ್ಲಗೆ ಕೇಳಿದ: "ಭಾವ, ವಾಪಸ್ ಬರೋದೂ ಇದೇ ದಾರೀನಾ?"

ಮನೆ ಚೆನ್ನಾಗಿತ್ತು. ಎಂಟಡಿ ಅಗಲದ ಮರದ ಪೆಟ್ಟಿಗೆ ಅಂದುಕೊಳ್ಳಿ. ಗೋಡೆಗೆ ಮಡಚುವ ಹಲಗೆ ಮಂಚ, ಗ್ಯಾಸ್ ಹೀಟರು, ಎರಡು ಬರ್ನರಿನ ಒಲೆ, ನೆಲದಲ್ಲಿ ಮುಚ್ಚಳವಿರುವ ಆರು ತೂತು. ತಲೆಯ ಹತ್ತಿರ 28 ಡಿಗ್ರಿ, ಪಾದದ ಹತ್ತಿರ ಬಹುಶಃ 5. ಗ್ಯಾಸ್ ಉರಿಸಿ ಮಲಗುವ ಜಾಗ, ಹಾಗಾಗಿ ಕಾರ್ಬನ್ ಮಾನಾಕ್ಸೈಡ್ ಅಲಾರಂ ಕೆಲಸ ಮಾಡುತ್ತಿದೆಯಾ ಅಂತ ಮೊದಲು ಒತ್ತಿ ನೋಡಿ. ನಾವು ಮನೆಯಿಂದ ಇನ್ನೊಂದು ತಂದಿದ್ದೆವು. ಈ ವಿಷಯದಲ್ಲಿ ಜಿಪುಣತನ ಬೇಡ.

ಹುಬ್ಬಳ್ಳಿಯವನು ಬಂದ ಐದೇ ನಿಮಿಷಕ್ಕೆ ಚಹಾ ಇಟ್ಟ. ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದ. ನಮ್ಮ ಏಳು ವಾರದ ಗೋಳೆಲ್ಲ ಆ ಚಹಾಕ್ಕೇ ಆಗಿದ್ದು ಅನ್ನಿಸಿತು.

ಇಲ್ಲಿ ಚಳಿಗಾಲದಲ್ಲಿ ಒಬ್ಬರಿಗೆ ಎರಡು ದಾರ ಹಾಕಲು ಅವಕಾಶವಿದೆ. ರಾತ್ರಿಗೆ ಗೋಡೆಗೆ ಜಡಿದ ರಾಟೆಯಂಥ ರೀಲು, ಅದಕ್ಕೊಂದು ಗಂಟೆ. ಮೀನು ಎಳೆದರೆ ಗಂಟೆ ಬಾರಿಸುತ್ತದೆ. ಸಂಜೆ ಪರ್ಚ್‌ಗಳು ಬಿದ್ದವು, ಮಗುವಿಗೇ ಎರಡು. ಎರಡು ಇಪ್ಪತ್ತಕ್ಕೆ, ಎಲ್ಲರೂ ನಿದ್ದೆಯಲ್ಲಿರುವಾಗ, ದೇವಸ್ಥಾನದ ಗಂಟೆಯ ಹಾಗೆ ಹೊಡೆದುಕೊಂಡಿತು. ಕುಂದಾಪುರದವನು ಒಳಚಡ್ಡಿಯಲ್ಲೇ ಹಾರಿ ದಾರ ಹಿಡಿದ. ಕೈಯಿಂದ ಕೈಗೆ ಎಳೆದು ತೂತಿನ ಬಾಯಿಗೆ ತಂದ. ವಾಲೈ. ಬಂಗಾರದ ಬಣ್ಣದ ಹೊಟ್ಟೆ ಬದಿ, ಟಾರ್ಚು ಬಿದ್ದಾಗ ಬೆಕ್ಕಿನ ಹಾಗೆ ಹೊಳೆಯುವ ಕಣ್ಣು. ಅಳತೆಪಟ್ಟಿ ಇಟ್ಟ. ಹದಿನೇಳೂವರೆ ಇಂಚು. ಮತ್ತೊಮ್ಮೆ ಇಟ್ಟ, ಬಾಲ ಸ್ವಲ್ಪ ಎಳೆದು. ಹದಿನೇಳೂವರೆಯೇ. ಒಂದು ನಿಮಿಷ ಸುಮ್ನೆ ಅದನ್ನೇ ನೋಡಿ, ತೂತಿನೊಳಗೆ ಬಿಟ್ಟ. ಬಾಲ ಬಡಿದು ಅವನ ಮುಖಕ್ಕೆ ನೀರು ಹಾರಿಸಿ ಹೋಯಿತು. "ಹೋಗ್ಲಿ ಬಿಡಪ್ಪಾ, ಅದರ ಮನೀಗ್ ಅದು ಹೋತು" ಅಂದ ಹುಬ್ಬಳ್ಳಿಯವನು, ಹೊದಿಕೆಯ ಒಳಗಿನಿಂದ.

ಬೆಳಿಗ್ಗೆ ಕಿಟಕಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಗಾಡಿ ಮುಳುಗಿದರೆ ಹೊರಬರಲು ಕಿಟಕಿ ಇಳಿಸುವುದು, ಅದು ಸರಿ. ಆದರೆ ಮೈನಸ್ 22ರಲ್ಲಿ ಇಳಿಸಿದ ನಾಲ್ಕರಲ್ಲಿ ಒಂದು ಮತ್ತೆ ಏರಲೇ ಇಲ್ಲ. ಬಟನ್ ಒತ್ತಿದರೆ ಒಳಗೆಲ್ಲೋ "ಕರ್ರ್" ಅಂದು ಸುಮ್ಮನಾಯಿತು. ರಾತ್ರಿಯಿಡೀ ಹಿಮ ಒಳಗೆ ಬಿದ್ದು ಸೀಟಿನ ಮೇಲೆ ಗುಡ್ಡೆಯಾಗಿತ್ತು. ಗಟ್ಟಿ ಟೇಪು, ದೊಡ್ಡ ಕಸದ ಚೀಲ ಯಾವಾಗಲೂ ಗಾಡಿಯಲ್ಲಿಡಿ. ನಮ್ಮ ಹತ್ತಿರ ಚೀಲವಿತ್ತು, ಯಾಕೆಂದರೆ ಐಸ್ ಮೇಲೆ ಕಸ ಬಿಟ್ಟು ಬಂದರೆ 100 ಡಾಲರ್ ದಂಡ ಅಂತ 2023ರಿಂದ ಕಾನೂನಿದೆ. ಟೇಪನ್ನು ರೆಸಾರ್ಟಿನವರು ಕೊಟ್ಟರು. ಹೊರಡುವ ಮುಂಚೆ ಎರೆ ಬಕೆಟ್ಟಿನ ನೀರನ್ನೂ ಅಲ್ಲೇ ಚೆಲ್ಲಿದೆವು. ಈ ಕೆರೆಯಲ್ಲಿ ಜೀಬ್ರಾ ಮಸ್ಸೆಲ್ ಅನ್ನೋ ಪರದೇಶಿ ಚಿಪ್ಪುಜೀವಿ ಸೇರಿಕೊಂಡಿದೆ, ಹಾಗಾಗಿ ಕೆರೆಯ ನೀರನ್ನು ಹೊರಗೆ ಒಯ್ಯುವಂತಿಲ್ಲ.

ಪ್ಲಾಸ್ಟಿಕ್ ಹೊದೆಸಿದ ಕಿಟಕಿಯ ಪಕ್ಕದ ಸೀಟು ಭಾಮೈದನಿಗೆ ಬಂತು. ಎರಡು ಗಂಟೆ ಅದು ಪಟಪಟ ಅನ್ನುತ್ತಿತ್ತು, ಅವನು ಫೋನಿನಲ್ಲಿ ಲೆಕ್ಕ ಹಾಕುತ್ತಿದ್ದ. ಮನೆ 420, ಎರೆ 18, ಊಟ ಸಾಮಾನು 110, ಪೆಟ್ರೋಲು 45, ಹೋದ ಅಡ್ವಾನ್ಸು 100. ಒಟ್ಟು 693 ಡಾಲರ್, ಐದು ಪಾಲು, ತಲೆಗೆ ಸುಮಾರು 139. ಲೈಸೆನ್ಸು, ಬೂಟು, ಉಣ್ಣೆ ಸಾಕ್ಸು ಅವರವರದ್ದು. "ಹನ್ನೊಂದು ಸಾವಿರ ರೂಪಾಯಿ ಮೇಲಾಯ್ತು ಭಾವ. ಶಿವಮೊಗ್ಗ ಮೀನು ಮಾರ್ಕೆಟ್ಟಲ್ಲಿ ಅಷ್ಟಕ್ಕೆ ಎಷ್ಟು ಬರುತ್ತೆ ಗೊತ್ತಾ?" ಅಂದ.

ಪರ್ಚ್‌ಗಳನ್ನು ಕುಂದಾಪುರದವನೇ ಅಂದು ಸಂಜೆ ರವೆ ಹಚ್ಚಿ ಕರಿದ. ನಾಲ್ಕು ಮೀನು, ಎಂಟು ಚೂರು. ಮಗು ನಾಲ್ಕು ತಿಂದ.

ವ್ಯಾನಿನ ಕಿಟಕಿ ಮೋಟರು ಸುಟ್ಟುಹೋಗಿದೆಯಂತೆ. ಬಿಲ್ಲು ಇನ್ನೂ ಬಂದಿಲ್ಲ. ಬಂದಾಗ ಐದು ಪಾಲು ಮಾಡೋದಾ, ಅಥವಾ ಕೆರೆ ಆರಿಸಿದ ಹುಬ್ಬಳ್ಳಿಯವನೇ ಕೊಡೋದಾ ಅಂತ ಗ್ರೂಪಿನಲ್ಲಿ ಚರ್ಚೆ ನಡೆಯುತ್ತಿದೆ.